ಹೆರ್ಮೊಸಿಯೊ: ಅರ್ಧ ಕಾಲಂ

ಸುಲ್ತಾನ್‌ಪೇಟೆಯ ಅಚ್ಚುಕೂಟದ ಮೇಲುಮಹಡಿ, ವಿಶ್ವಕೋಶದ ಕಚೇರಿ.
ನನ್ನ ಪಾಲಿಗೆ ಬಂದದ್ದು ಮೆಕ್ಸಿಕೊದ ವಾಯವ್ಯದ ಒಂದು ಊರು,
ಸೊನೋರ ರಾಜ್ಯದ ರಾಜಧಾನಿ.
ಅರ್ಧ ಕಾಲಂ. ಸೋಮವಾರದೊಳಗೆ.

ತೆಂಕಣಕ್ಕೆ ಹೊಸೂರು, ಬಡಗಣಕ್ಕೆ ತುಮಕೂರು,
ಅಲ್ಲಿಗೆ ನಾನು ಕಂಡ ಭೂಗೋಳ ಮುಗಿಯಿತು.
ಆದರೂ ಬರೆದೆ:
ಮರಳುಗಾಡಿನ ಊರು. ಬೇಸಗೆಯ ಬಿಸಿಲು ನಲವತ್ತೈದು ದಾಟುತ್ತದೆ.
ಬೀದಿಗಳಲ್ಲಿ ಕಿತ್ತಳೆ ಮರ; ಹಣ್ಣು ಕಹಿ, ಕೀಳುವವರಿಲ್ಲ.
ನಡು ಊರಲ್ಲಿ ಒಂದು ಬೋಳುಗುಡ್ಡ,
ಅದರ ಕಲ್ಲಿಗೆ ಕಲ್ಲು ಬಡಿದರೆ
ಗಂಟೆಯ ದನಿ ಬರುತ್ತದಂತೆ.

ಪಾರ್ಶ್ವನಾಥಯ್ಯನವರು 'ಅಂತೆ'ಯನ್ನು ಕೆಂಪು ಶಾಯಿಯಲ್ಲಿ ಹೊಡೆದರು.
ವಿಶ್ವಕೋಶದಲ್ಲಿ ಅಂತೆ ಇಲ್ಲಮ್ಮ.
ಅಷ್ಟಕ್ಕೇ
ಗುಡ್ಡ ಢಣ್ಣೆಂದಿತು.

ತೊಡಕಾದದ್ದು ಹೆಸರಿನಲ್ಲಿ.
ಬರೆಯುವಾಗ ಮೊದಲಿಗೆ ಹಕಾರ ಉಂಟು, ಕರೆಯುವಾಗ ಇಲ್ಲ.
ಎಕಾರದ ಸಂಪುಟ ಅಚ್ಚಾಗಿ, ಹೊಲಿಗೆ ಬಿದ್ದು,
ಗೆದ್ದಲು ಓದಲು ಶುರುಮಾಡಿ ಒಂಬತ್ತು ವರ್ಷ.
ಈಗ ಎಲ್ಲಿಡುವುದು ಈ ಊರನ್ನು?

ಆಗ ಚಿಕ್ಕಮುನಿಯಮ್ಮ ತಟ್ಟೆ ಹಿಡಿದು ಬಂದಳು:
"ಆಲು ಒಡ್ದೋಯ್ತು, ಕರೀ ಕಾಪಿನೇ ಇವತ್ತು.
ಅದ್ಯಾವೂರ್ನ ಎಸ್ರು ಅಷ್ಟೊತ್ನಿಂದ ಜಗಳ ಆಡ್ತಾ ಇದೀರ?"

ಅಯ್ಯನವರು ಕನ್ನಡಕ ತೆಗೆದರು.
"ಪಾಲು, ಹಾಲು, ಆಲು," ಬೆರಳು ಮಡಿಚಿದರು.
"ಪೆಸರು, ಹೆಸರು, ಎಸ್ರು.
ಅವರದೂ ಇದೇ ದಾರಿ ಕಣಮ್ಮ.
ಲ್ಯಾಟಿನ್ನಿನ ಫಕಾರ ಸ್ಪೇನಿಗೆ ಬಂದು ಹಕಾರವಾಗಿ,
ಆಮೇಲೆ ಆ ಉಸಿರೂ ಹೋಗಿ
ಬರಹದಲ್ಲಷ್ಟೇ ಉಳಿಯಿತು,
ತೀರಿಕೊಂಡವರು ರೇಷನ್ ಕಾರ್ಡಿನಲ್ಲಿ ಉಳಿಯುವ ಹಾಗೆ."

ಹ ಸಂಪುಟಕ್ಕೇ ಹಾಕಿ ಎಂದರು.

ಕಾಗದದ ಕಟ್ಟಿನ ಮೇಲೆ ಕೂತ ಚಿಕ್ಕಮುನಿಯಮ್ಮ ಎದ್ದು ಹೋಗಲಿಲ್ಲ.
ಏನ್ ತಿಂತಾರೆ ಅಲ್ಲಿ?
ಗೋಧಿ ಹಿಟ್ಟಿನ ರೊಟ್ಟಿ, ಟವೆಲಿನಷ್ಟಗಲ, ಆಚೆಯ ದೀಪ ಕಾಣುವಷ್ಟು ತೆಳು.
ಇನ್ನೊಂದು ಸಿಹಿ, ಒಳಗೆ ಬೆಲ್ಲ ಇಟ್ಟು ತಟ್ಟುತ್ತಾರೆ.
"ಒಬ್ಬಟ್ಟು."
ಒಬ್ಬಟ್ಟಲ್ಲ, ಗರಿಗರಿ ಇರುತ್ತೆ, ಅದಕ್ಕೆ ಕೊಯೋತಾ ಅಂತಾರೆ.
"ಒಬ್ಬಟ್ಟೇ."

ಊರಿನ ಹಳೆಯ ಹೆಸರು ಪಿತಿಕ್, ಎಂದೆ. ಹೊಳೆಗಳು ಕೂಡುವ ಜಾಗ.
ಆಮೇಲೆ ಯಾರೋ ದಂಡನಾಯಕನ ಹೆಸರು ಇಟ್ಟರು.
"ಒಳೆ?"
ಕಟ್ಟೆ ಕಟ್ಟಿದರು. ಈಗ ಕಟ್ಟೆಯಲ್ಲೂ ನೀರಿಲ್ಲ.

ಅವಳು ಸೆರಗಿನ ತುದಿಯಿಂದ ತಟ್ಟೆ ಒರೆಸಿದಳು, ಒರೆಸಿದ್ದನ್ನೇ ಮತ್ತೆ.
"ನಮ್ಮಜ್ಜಿ ಸಂಪಂಗಿ ಕೆರೆ ಮಗ್ಗುಲಲ್ಲಿ ದಂಟು, ಮೆಂತ್ಯ ಆಕ್ತಿದ್ಲು.
ಈಗ ಅಲ್ಲಿ ಓಡ್ತಾರೆ, ಎಗರ್ತಾರೆ, ಬೆಳ್ಳಿ ಲೋಟ ಈಸ್ಕೊಂಡು ಓಗ್ತಾರೆ.
ಕರಗಕ್ಕೆ ಅಂತ ಒಂದಿಷ್ಟು ನೀರು ಬಿಟ್ಟವ್ರೆ,
ಎಮ್ಮೆ ಮುಳುಗೋಕೂ ಸಾಲ್ದು.
ಆ ಊರಲ್ಲಿ ಒಳೆ ಮೇಲೆ ಏನ್ ಕಟ್ಟವ್ರೆ?"

ಅಟ್ಲಾಸಿನಲ್ಲಿ ಇರಲಿಲ್ಲ. ಎರಡು ಗೆಜೆಟಿಯರ್ ತಿರುವಿದೆ,
ಜನಸಂಖ್ಯೆ ಇತ್ತು, ಗೋಧಿ ಇತ್ತು, ಮೋಟಾರು ಕಾರ್ಖಾನೆ ಇತ್ತು.
ಕೊನೆಗೆ ನಾನೇ ಒಂದು ಸಾಲು ಸೇರಿಸಿದೆ:
ಹೊಳೆಯ ಪಾತ್ರದ ಮೇಲೆ ಏನು ಕಟ್ಟಿದ್ದಾರೆಂಬುದು ತಿಳಿದುಬಂದಿಲ್ಲ.
ಪುಟ ಕಟ್ಟುವಾಗ ಜಾಗ ಸಾಲದೆ
ಮೊದಲು ಕಿತ್ತ ಮೊಳೆಗಳು ಆ ಸಾಲಿನವೇ.

ಮಳೆಗಾಲ ಕಳೆದು ಸಂಪುಟ ಬಂತು, ಅಂಟಿನ ವಾಸನೆ ಇನ್ನೂ ಹಸಿ.
ಇತ್ತ ಹೆರಿಗೆ, ಅತ್ತ ಹೆಸರುಕಾಳು,
ನಡುವೆ ಇಕ್ಕಟ್ಟಿನಲ್ಲಿ ನನ್ನ ಊರು.
ಚಿಕ್ಕಮುನಿಯಮ್ಮನ ಬೆರಳು ಹಿಡಿದು
ಮೊದಲ ಅಕ್ಷರದ ಮೇಲೆ ಇಟ್ಟೆ.
ಇದು ಹ. ಇದನ್ನು ಅವರು ಹೇಳುವುದಿಲ್ಲ.

"ಏಳ್ದೆ ಇರೋದ್ನ ಯಾಕವ್ವ ಅಚ್ಚಾಕ್ಸಿದ್ರಿ?"

ನಾನು ಲೋಟ ತೆಗೆದುಕೊಂಡೆ.
ಅವತ್ತು ಆಲು ಒಡೆದಿರಲಿಲ್ಲ.